ಮನೆಮಂದಿಯೆಲ್ಲ ಹಿಮದ ಮೇಲೆ: ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್, ಸ್ನೋಬೋರ್ಡಿಂಗ್ ಕಲಿಯುವ ಬಗೆ

ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗುವ ನಮ್ಮ ಕಡೆಯ ಹೆಚ್ಚಿನ ಕುಟುಂಬಗಳು ಅಲ್ಲಿ ಒಂದು ಹಗಲು ಮಾತ್ರ ಇರುತ್ತವೆ. ಬೆಳಿಗ್ಗೆ ಶ್ರೀನಗರದಿಂದ ಹೊರಟು, ಗೊಂಡೊಲಾ ಎಂಬ ಕೇಬಲ್ ಕಾರು ಹತ್ತಿ ಇಳಿದು, ಕಾಲಿಗೆ ಬಾಡಿಗೆಯ ಸ್ಕೀ ಹಲಗೆ ಕಟ್ಟಿಸಿಕೊಂಡು ನಾಲ್ಕು ಫೋಟೊ ತೆಗೆಸಿಕೊಂಡು, ಕತ್ತಲಾಗುವ ಮೊದಲೇ ಹಿಂದಿರುಗುತ್ತವೆ. ಅಷ್ಟರಲ್ಲಿ ಯಾರಿಗೂ ಸ್ಕೀಯಿಂಗ್ ಬರುವುದಿಲ್ಲ. ಅದೇ ಐದು ರಾತ್ರಿ ಅಲ್ಲಿ ಉಳಿದುಕೊಂಡರೆ, ಸಮುದ್ರದ ಮಟ್ಟದಲ್ಲಿ ಹುಟ್ಟಿ ಬೆಳೆದ ಮಂಗಳೂರಿನ ಮಗು ಕೂಡ ಇಳಿಜಾರಿನಲ್ಲಿ ತಾನಾಗಿ ತಿರುಗಿ, ತಾನಾಗಿ ನಿಲ್ಲುವುದನ್ನು ಕಲಿಯಬಲ್ಲದು.

ನಾನು, ಪತಿ, ಮಗಳು, ಮಗ ಮತ್ತು ಅತ್ತೆ, ಹೀಗೆ ಐದು ಮಂದಿ ಮೂರು ಚಳಿಗಾಲ ಅಲ್ಲಿಗೆ ಹೋಗಿ ಬಂದಿದ್ದೇವೆ. ಮೊದಲ ಸಲ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಮನೆಯಲ್ಲಿ ಗಣಿತವಿರಲಿ, ಸೈಕಲ್ ಇರಲಿ, ಈಜು ಇರಲಿ, ನಮಗೆ ಗೊತ್ತಿರುತ್ತದೆ, ಮಕ್ಕಳಿಗೆ ಹೇಳಿಕೊಡುತ್ತೇವೆ. ಹಿಮದ ಮೇಲೆ ಮಾತ್ರ ಅಪ್ಪ, ಅಮ್ಮ, ಮಕ್ಕಳು ಒಂದೇ ದಿನ, ಒಂದೇ ತರಗತಿಗೆ ಸೇರುತ್ತಾರೆ. ಇದಕ್ಕಿಂತ ದೊಡ್ಡ ಸಂತೋಷ ನಮ್ಮ ಪ್ರವಾಸಗಳಲ್ಲಿ ಬೇರೆ ಸಿಕ್ಕಿಲ್ಲ. ಅದು ಕೈಗೂಡಬೇಕಾದರೆ ಒಂದು ನಿಯಮ ಪಾಲಿಸಬೇಕು. ಎಲ್ಲರಿಗಿಂತ ನಿಧಾನವಾಗಿ ಕಲಿಯುವವರು ಯಾರೋ, ಅವರ ವೇಗವೇ ಇಡೀ ಮನೆಯ ವೇಗವಾಗಬೇಕು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಇದರ ಮೇಲೆ ನಿಂತಿದೆ.

ಯಾವಾಗ ಹೋಗಬೇಕು

ಕಾಶ್ಮೀರದ ಕಡು ಚಳಿಗೆ ಚಿಲ್ಲೈ ಕಲಾನ್ ಎಂದು ಹೆಸರು. ಡಿಸೆಂಬರ್ 21ರಿಂದ ನಲವತ್ತು ದಿನ. ಅದರ ಬೆನ್ನಿಗೆ ಇಪ್ಪತ್ತು ದಿನದ ಚಿಲ್ಲೈ ಖುರ್ದ್, ಹತ್ತು ದಿನದ ಚಿಲ್ಲೈ ಬಚ್ಚಾ. ಹಿಮ ಬೀಳುವುದು ಚಿಲ್ಲೈ ಕಲಾನ್‌ನಲ್ಲೇ ಎಂದು ನಂಬಿ ಹಲವರು ಕ್ರಿಸ್‌ಮಸ್ ರಜೆಗೆ ಟಿಕೆಟ್ ಮಾಡಿಸುತ್ತಾರೆ. ಆದರೆ 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿತ್ತು. ಒಳ್ಳೆಯ ಹಿಮ ಬಿದ್ದದ್ದು ತಿಂಗಳ ಕೊನೆಯಲ್ಲಿ. ಹೊಸಬರ ಕುಟುಂಬಕ್ಕೆ ಫೆಬ್ರವರಿ ವಾಸಿ. ಅಷ್ಟರಲ್ಲಿ ಹಲವು ಸುತ್ತು ಹಿಮ ಬಿದ್ದು ನೆಲ ಗಟ್ಟಿಯಾಗಿ ಮುಚ್ಚಿರುತ್ತದೆ, ಹಗಲು ಸ್ವಲ್ಪ ಉದ್ದವಾಗಿರುತ್ತದೆ, ಚಳಿಯ ಕಡಿತವೂ ತಗ್ಗಿರುತ್ತದೆ. ನಮ್ಮಲ್ಲಿ ಅದು ಪರೀಕ್ಷೆಗಳ ಸಮೀಪದ ಕಾಲ, ನಿಜ. ಚಿಕ್ಕ ತರಗತಿಯ ಮಕ್ಕಳಿರುವಾಗಲೇ ಹೋಗಿಬನ್ನಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಟಿಕೆಟ್ ಮಾಡಿಸುವ ಮುನ್ನ ಸರ್ಕಾರದ ಪ್ರಯಾಣ ಸೂಚನೆಗಳನ್ನೂ ಹವಾಮಾನ ಮುನ್ಸೂಚನೆಯನ್ನೂ ನೋಡಿಕೊಳ್ಳಿ. ಹಿಮಪಾತದ ದಿನ ಶ್ರೀನಗರದ ವಿಮಾನಗಳು ರದ್ದಾಗುವುದು ಮಾಮೂಲು. ಆದ್ದರಿಂದ ಹಿಂದಿರುಗುವ ಕಡೆ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳಿ. ಇನ್ನೊಂದು ಮಾತು: ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಕನಿಷ್ಠ ಇಬ್ಬರ ಬಳಿ ಪೋಸ್ಟ್‌ಪೇಯ್ಡ್ ಇರಲಿ.

ಹೊರಡುವ ಆರು ವಾರ ಮೊದಲು

ಸ್ಕೀಯಿಂಗ್‌ನ ಭಾರವೆಲ್ಲ ಬೀಳುವುದು ತೊಡೆಯ ಮೇಲೆ. ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತಂತೆ ಮೊಣಕಾಲು ಮಡಿಸಿ ನಿಲ್ಲಿ. ಮೊದಲ ದಿನ ಅರ್ಧ ನಿಮಿಷ ಸಾಕು, ನಿಧಾನವಾಗಿ ಎರಡು ನಿಮಿಷಕ್ಕೆ ಏರಿಸಿ. ಬಸ್ಕಿ, ಮೆಟ್ಟಿಲು ಹತ್ತಿ ಇಳಿಯುವುದು, ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದು, ಇವಿಷ್ಟೂ ಮನೆಯಲ್ಲೇ ಆಗುತ್ತವೆ. ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಬರುತ್ತಿದ್ದರೆ ಅರ್ಧ ಸಮತೋಲನ ಬಂದಂತೆಯೇ ಸರಿ.

ಎತ್ತರದ ಲೆಕ್ಕವನ್ನೂ ಮನಸ್ಸಿನಲ್ಲಿಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಗುಲ್ಮಾರ್ಗ್‌ನ ಹೋಟೆಲುಗಳಿರುವ ಹುಲ್ಲುಗಾವಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮೊದಲ ಸಂಜೆ ತಲೆ ಭಾರವಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸಹಜ. ಆ ಸಂಜೆ ಏನನ್ನೂ ಮಾಡಬೇಡಿ. ಬಿಸಿ ನೀರು ಕುಡಿದು, ಬೇಗ ಉಂಡು ಮಲಗಿ. ಹೃದಯದ ತೊಂದರೆ, ಉಬ್ಬಸ, ರಕ್ತದೊತ್ತಡ ಇರುವ ಹಿರಿಯರು ವೈದ್ಯರನ್ನು ಕಂಡೇ ಹೊರಡಬೇಕು.

ಉಡುಪು: ಹತ್ತಿಯನ್ನು ಮನೆಯಲ್ಲೇ ಬಿಡಿ

ನಮ್ಮವರು ಚಳಿಯೆಂದರೆ ದಪ್ಪ ಹತ್ತಿ ಬನಿಯನ್, ಅದರ ಮೇಲೆ ಎರಡು ಸ್ವೆಟರ್ ಹಾಕಿ ಕಳುಹಿಸುತ್ತಾರೆ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಆಟ ನಿಲ್ಲಿಸಿದ ಐದೇ ನಿಮಿಷದಲ್ಲಿ ಆ ಒದ್ದೆ ಬಟ್ಟೆ ಮೈಗೆ ಅಂಟಿ ಮಗು ನಡುಗತೊಡಗುತ್ತದೆ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ಹೊರಗಿನ ಪದರ ಬಾಡಿಗೆಗೆ ಸಿಗುತ್ತದೆ, ಒಳಗಿನ ಎರಡನ್ನು ಕೊಂಡೇ ಹೋಗಿ.

ಕಾಲುಚೀಲ ಒಂದೇ ಜೊತೆ, ತೆಳ್ಳಗಿನದು, ಮೊಣಕಾಲಿನ ತನಕ ಬರುವಂಥದು. ಎರಡು ಜೊತೆ ಹಾಕಿದರೆ ಬೂಟಿನೊಳಗೆ ಮಡಿಕೆ ಬಿದ್ದು, ರಕ್ತ ಸಂಚಾರ ಕಡಿಮೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಚಿಕ್ಕ ಮಕ್ಕಳಿಗೆ ಬೆರಳು ಬಿಡಿಯಾಗಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಕೈಗವಸು ಬೆಚ್ಚಗೆ. ಒಂದು ಜೊತೆ ಹೆಚ್ಚುವರಿಯಾಗಿ ಇರಲಿ, ಮಧ್ಯಾಹ್ನದ ಹೊತ್ತಿಗೆ ಮೊದಲನೆಯದು ತೊಯ್ದಿರುತ್ತದೆ. ಮಫ್ಲರ್, ದುಪಟ್ಟಾ, ಇಳಿಬಿಟ್ಟ ಜಡೆ ಯಾವುದೂ ಬೇಡ. ಅವು ಸ್ಕೀ ಹಾಕಿದವರನ್ನು ದಿಬ್ಬದ ಮೇಲಕ್ಕೆ ಎಳೆಯುವ ಲಿಫ್ಟಿಗೆ ಸಿಕ್ಕಿಕೊಂಡರೆ ಅನಾಹುತವಾಗುತ್ತದೆ. ಕತ್ತಿಗೆ ಬಟ್ಟೆಯ ಬಳೆಯಂಥ ನೆಕ್ ವಾರ್ಮರ್ ಸಾಕು. ಮಗಳ ಜಡೆಯನ್ನು ಜಾಕೆಟ್ಟಿನೊಳಗೆ ಸೇರಿಸಿ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರತಿ ಸಾವಿರ ಮೀಟರ್ ಮೇಲೇರಿದಾಗ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಆ ಕಿರಣಗಳಲ್ಲಿ ಶೇ 80ರವರೆಗೂ ಹಿಂದಕ್ಕೆ ಚಿಮ್ಮಿಸುತ್ತದೆ. ಹಾಗಾಗಿ ಗದ್ದದ ಕೆಳಭಾಗ, ಮೂಗಿನ ಹೊಳ್ಳೆಗಳ ಅಡಿ ಕೂಡ ಸುಡುತ್ತದೆ. ಸನ್‌ಸ್ಕ್ರೀನ್ ಅಲ್ಲಿಗೂ ಹಚ್ಚಿ. ಮೋಡವಿದ್ದರೂ ಕಣ್ಣಿಗೆ ಗಾಗಲ್ಸ್ ಇರಲೇಬೇಕು. ತಲೆಗೆ ಮನೆಯಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ. ತುಟಿಗೆ, ಕೆನ್ನೆಗೆ ವ್ಯಾಸಲೀನ್ ಅನುಕೂಲ.

ಬಾಡಿಗೆ ಅಂಗಡಿಯಲ್ಲಿ ಒಂದು ಗಂಟೆ ಕಳೆಯಿರಿ

ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಹಿಮ ಬಿದ್ದಿದ್ದರೆ ತಂಗ್‌ಮಾರ್ಗ್‌ನಲ್ಲಿ ಕಾರು ಬಿಟ್ಟು, ಚಕ್ರಗಳಿಗೆ ಸರಪಳಿ ಕಟ್ಟಿದ ಗಾಡಿಯಲ್ಲಿ ಉಳಿದ 13 ಕಿಲೋಮೀಟರ್ ಏರಬೇಕು. ಗಾಡಿಯಿಂದ ಇಳಿಯುತ್ತಿದ್ದಂತೆ ಸ್ಲೆಜ್ ಎಂಬ ಹಿಮದ ಬಂಡಿ ಎಳೆಯುವವರು, ಬಾಡಿಗೆಯವರು, ಗೈಡುಗಳು ಸುತ್ತುವರಿಯುತ್ತಾರೆ. ವರ್ಷದ ಕೆಲವೇ ತಿಂಗಳ ದುಡಿಮೆ ಅವರದು, ಅವರ ಆತುರವನ್ನು ಗೌರವದಿಂದಲೇ ಕಾಣಿ. ಆದರೆ ಅಲ್ಲಿಯೇ ನಿಂತು ಯಾವುದಕ್ಕೂ ಒಪ್ಪಿಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಎಲ್ಲ ಸೇರಿ ದಿನಕ್ಕೆ ಎಷ್ಟು, ತರಬೇತುದಾರರಿಗೆ ಎಷ್ಟು ಗಂಟೆಗೆ ಎಷ್ಟು ಎಂದು ಮೊದಲೇ ಮಾತನಾಡಿ, ಬರೆದುಕೊಳ್ಳಿ.

ಎಲ್ಲದಕ್ಕಿಂತ ಹೆಚ್ಚು ಸಮಯ ಬೂಟಿಗೆ ಕೊಡಿ. ನಮ್ಮ ಮೊದಲ ವರ್ಷದ ದೊಡ್ಡ ತಪ್ಪು ಆದದ್ದು ಇಲ್ಲಿಯೇ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡ ಚಪ್ಪಲಿ ಕೊಳ್ಳುವ ಅಭ್ಯಾಸದಲ್ಲಿ ಮಗಳಿಗೆ ಸಡಿಲ ಬೂಟು ಹಾಕಿಸಿದೆವು. ಒಂದು ಗಂಟೆಯಲ್ಲಿ ಅವಳ ಮೀನಖಂಡದ ಮುಂಭಾಗದ ಮೂಳೆಯ ಮೇಲೆ ಕೆಂಪಗೆ ಬರೆ ಎದ್ದಿತ್ತು. ಕಾಲು ಒಳಗೆ ಅಲ್ಲಾಡುತ್ತಿದ್ದರೆ ಸ್ಕೀ ಮಾತು ಕೇಳುವುದಿಲ್ಲ, ಮಗು ಹೆದರಿ ಕೂತುಬಿಡುತ್ತದೆ. ಸರಿಯಾದ ಬೂಟಿನ ಗುರುತು ಹೀಗೆ: ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಸೋಕಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಬೆರಳು ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಬೂಟಿನೊಳಗೆ ಕಾಲುಚೀಲ ಬಿಟ್ಟು ಬೇರೇನೂ ಹೋಗಬಾರದು, ಥರ್ಮಲ್‌ನ ಅಂಚು ಒಳಗೆ ಸಿಕ್ಕಿದರೂ ಅದೇ ಬರೆ ಬೀಳುತ್ತದೆ. ಬಕಲ್ ಹಾಕಿಕೊಂಡು ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ. ನೋವಾದರೆ ಸಂಕೋಚವಿಲ್ಲದೆ ಬದಲಿಸಿ.

ಹೊಸಬರಿಗೆ ಸ್ಕೀಯ ಉದ್ದ ಎದೆಯಿಂದ ಗದ್ದದವರೆಗಿನ ಎತ್ತರ ಸಾಕು, ಉದ್ದ ಹೆಚ್ಚಿದಂತೆ ತಿರುಗಿಸುವುದು ಕಷ್ಟ. ಕೋಲನ್ನು ತಲೆಕೆಳಗು ಮಾಡಿ, ಅದರ ತುದಿಯ ಬಳಿಯ ಪುಟ್ಟ ಚಕ್ರದ ಕೆಳಗೆ ಹಿಡಿದಾಗ ಮೊಣಕೈ ಸಮಕೋನದಲ್ಲಿ ಮಡಿಯಬೇಕು. ಆರೇಳು ವರ್ಷದೊಳಗಿನ ಮಕ್ಕಳಿಗೆ ಕೋಲು ಬೇಡವೇ ಬೇಡ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಅನ್ನು ಅಂಗಡಿಯವರು ಸ್ಕ್ರೂಡ್ರೈವರ್‌ನಿಂದ ಹೊಂದಿಸುತ್ತಾರೆ. ಬಿದ್ದಾಗ ಸ್ಕೀ ಕಳಚಿಕೊಂಡು ಮೊಣಕಾಲು ಉಳಿಯುವುದು ಈ ಹೊಂದಾಣಿಕೆಯಿಂದ. ತೂಕ, ಎತ್ತರ, ವಯಸ್ಸನ್ನು ನಿಜ ಹೇಳಿ, ಹೊಸಬರೆಂದೂ ಹೇಳಿ, ಕಣ್ಣೆದುರೇ ಹೊಂದಿಸಲು ಕೇಳಿ.

ಸ್ಕೀಯೋ ಸ್ನೋಬೋರ್ಡೋ

ಸ್ಕೀಯಲ್ಲಿ ಎರಡು ಕಾಲಿಗೆ ಎರಡು ಹಲಗೆ, ಮುಖ ಇಳಿಜಾರಿನ ಕಡೆಗೆ. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ, ನಿಲುವು ಪಕ್ಕಕ್ಕೆ. ಸ್ಕೀ ಮೊದಲ ದಿನವೇ ಒಂದಿಷ್ಟು ಒಲಿಯುತ್ತದೆ, ಆಮೇಲೆ ಪಳಗಲು ವರ್ಷಗಳು ಬೇಕು. ಸ್ನೋಬೋರ್ಡ್ ಮೊದಲ ಎರಡು ದಿನ ಬೀಳಿಸಿ ಬೀಳಿಸಿ ಸುಸ್ತು ಮಾಡುತ್ತದೆ, ಮೂರನೆಯ ದಿನ ತಟ್ಟನೆ ಕೈಗೆ ಬರುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ, ನಲವತ್ತು ದಾಟಿದವರಿಗೆ ಮೊದಲ ಸಲ ಸ್ಕೀಯನ್ನೇ ನಾನು ಹೇಳುತ್ತೇನೆ. ಹದಿಹರೆಯದವರಿಗೆ ಆಸೆಯಿದ್ದರೆ ಸ್ನೋಬೋರ್ಡ್ ಆಗಬಹುದು. ಆದರೆ ಒಂದೇ ಪ್ರವಾಸದಲ್ಲಿ ಎರಡನ್ನೂ ಕಲಿಯುವ ಹಟ ಬೇಡ.

ಮೊದಲ ದಿನ: ಸಮತಟ್ಟು ನೆಲ

ಬೇಸಿಗೆಯಲ್ಲಿ ಗಾಲ್ಫ್ ಆಡುವ ಹುಲ್ಲುಗಾವಲೇ ಚಳಿಗಾಲದಲ್ಲಿ ಹೊಸಬರ ಶಾಲೆ. ತರಬೇತುದಾರರನ್ನು ಗೊತ್ತು ಮಾಡಿಕೊಳ್ಳಿ, ನಿಮಗೆ ಅಲ್ಪಸ್ವಲ್ಪ ಬಂದರೂ ಸ್ವಂತ ಮಕ್ಕಳಿಗೆ ನೀವೇ ಕಲಿಸಲು ಹೋಗಬೇಡಿ. ಅಮ್ಮ ಹೇಳಿದರೆ ಅಳುವ ಮಗು ಮೇಷ್ಟ್ರು ಹೇಳಿದರೆ ಎದ್ದು ನಿಲ್ಲುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗ್‌ನಲ್ಲೇ ಇದೆ. ಹಲವು ದಿನಗಳ ತರಬೇತಿ ಬೇಕಿದ್ದವರು ಅಲ್ಲಿ ಮುಂಚಿತವಾಗಿ ವಿಚಾರಿಸಬಹುದು.

ಮೊದಲು ಒಂದು ಕಾಲಿಗೆ ಮಾತ್ರ ಸ್ಕೀ ಹಾಕಿ ನಡೆಯುವುದು, ಆಮೇಲೆ ಇನ್ನೊಂದಕ್ಕೆ. ಬಳಿಕ ಎರಡನ್ನೂ ಹಾಕಿಕೊಂಡು ಏಡಿಯಂತೆ ಪಕ್ಕಕ್ಕೆ ಹೆಜ್ಜೆಯಿಟ್ಟು ದಿಬ್ಬ ಹತ್ತುವುದು. ಬೀಳುವುದನ್ನೂ ಕಲಿಯಬೇಕು: ಹಿಂದಕ್ಕೆ ಕೂರದೆ, ಪಕ್ಕಕ್ಕೆ ಸೊಂಟದ ಮೇಲೆ ಒರಗಿದಂತೆ ಬೀಳಿ. ಏಳುವಾಗ ಸ್ಕೀಗಳೆರಡನ್ನೂ ಇಳಿಜಾರಿಗೆ ಅಡ್ಡಲಾಗಿ ಒಂದರ ಪಕ್ಕ ಒಂದು ತಂದುಕೊಳ್ಳಿ. ಇದನ್ನು ಮಾಡದೆ ಎದ್ದರೆ ಎದ್ದ ಕೂಡಲೇ ಜಾರುತ್ತೀರಿ. ನನ್ನ ಮಗ ಆ ಬೆಳಿಗ್ಗೆ ಬೀಳುವುದನ್ನೇ ಆಟ ಮಾಡಿಕೊಂಡು ಇಪ್ಪತ್ತು ಸಲ ಬಿದ್ದ. ಭಯ ಹೋದದ್ದು ಆಗಲೇ.

ಮಧ್ಯಾಹ್ನ, ಮನೆಯ ಅಂಗಳದಷ್ಟೇ ಇಳಿಜಾರಿರುವ ಜಾಗದಲ್ಲಿ ನೇರ ಜಾರುವಿಕೆ. ಕೆಳಗೆ ತಾನಾಗಿ ನಿಲ್ಲುವಂತೆ ಸಮತಟ್ಟು ಇರಬೇಕು. ಇಲ್ಲಿಯೇ ಇಡೀ ಸ್ಕೀಯಿಂಗ್‌ನ ಗುಟ್ಟು ಇದೆ. ವೇಗ ಹೆಚ್ಚಿದಾಗ ಭಯದಿಂದ ಮೈ ಹಿಂದಕ್ಕೆ ವಾಲುತ್ತದೆ. ಹಿಂದೆ ವಾಲಿದರೆ ಸ್ಕೀಯ ಮುಂಭಾಗ ಹಗುರಾಗಿ, ಹತೋಟಿ ತಪ್ಪಿ ಇನ್ನಷ್ಟು ಓಡುತ್ತದೆ. ಮೊಣಕಾಲು ಮಡಿಸಿ, ಮೀನಖಂಡದ ಎದುರಿನ ಮೂಳೆ ಬೂಟಿನ ನಾಲಿಗೆಗೆ ಒತ್ತುವಂತೆ ಮುಂದಕ್ಕೆ ಬಾಗಬೇಕು, ಕೈಗಳು ಊಟದ ತಟ್ಟೆ ಹಿಡಿದಂತೆ ಮುಂದಿರಬೇಕು. ಕಣ್ಣು ಕಾಲಿನ ಮೇಲೆ ಬೇಡ, ಹೋಗಬೇಕಾದ ಕಡೆ ಇರಲಿ.

ಎರಡು, ಮೂರನೆಯ ದಿನ: ನಿಲ್ಲುವುದು, ತಿರುಗುವುದು

ಸ್ಕೀಗಳ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿದರೆ ತ್ರಿಕೋನವಾಗುತ್ತದೆ. ಮಕ್ಕಳಿಗೆ ಇದನ್ನು ಪಿಜ್ಜಾ ತುಂಡು ಎಂದು ಹೇಳಿಕೊಡುತ್ತಾರೆ. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದಷ್ಟೂ ತ್ರಿಕೋನ ಅಗಲವಾಗಿ ವೇಗ ಇಳಿಯುತ್ತದೆ. ಮುಂತುದಿಗಳು ಒಂದರ ಮೇಲೊಂದು ಹತ್ತಬಾರದು, ನಡುವೆ ಒಂದು ಗೇಣು ಬಿಡಿ. ಹೇಳಿದ ಜಾಗದಲ್ಲಿ ನಿಲ್ಲಲು ಬರುವ ತನಕ ಯಾರೂ ಮೇಲಿನ ದಿಬ್ಬಕ್ಕೆ ಹೋಗುವಂತಿಲ್ಲ. ಎರಡನೆಯ ದಿನ ಮಕ್ಕಳಿಬ್ಬರಿಗೂ ಹತ್ತು ಗಂಟೆಗೇ ಬಂದಿತ್ತು. ಪತಿಗೆ ಬಂದದ್ದು ಮೂರು ಗಂಟೆಗೆ. ನಡುವಿನ ಐದು ಗಂಟೆ ಮಕ್ಕಳು ಅದೇ ದಿಬ್ಬದಲ್ಲಿ ಅಪ್ಪನಿಗಾಗಿ ಕಾದರು. ಕೊನೆಗೆ ಅವರು ತಾನಾಗಿ ನಿಂತಾಗ ಮಗಳು ಓಡಿ ಬಂದು ಅಪ್ಪಿಕೊಂಡಳು. ಅಪ್ಪನಿಗಿಂತ ತನಗೆ ಮೊದಲು ಬಂದ ವಿದ್ಯೆಯನ್ನು ಅಪ್ಪ ಕಲಿತದ್ದನ್ನು ಅವಳು ಕಂಡದ್ದು ಅದೇ ಮೊದಲು.

ತಿರುಗುವುದಕ್ಕೆ ಸೂತ್ರ ಒಂದೇ: ಎಡಗಾಲಿನ ಮೇಲೆ ಭಾರ ಹಾಕಿದರೆ ಬಲಕ್ಕೆ, ಬಲಗಾಲಿನ ಮೇಲೆ ಹಾಕಿದರೆ ಎಡಕ್ಕೆ. ತ್ರಿಕೋನ ಬಿಡದೆ, ದೊಡ್ಡ ದೊಡ್ಡ ತಿರುವುಗಳಲ್ಲಿ ಹಾವು ಹರಿದಂತೆ ಇಳಿಯಿರಿ. ವೇಗ ಇಳಿಯುವುದು ತಿರುವಿನಿಂದ. ಇಳಿಜಾರಿಗೆ ಅಡ್ಡ ಬಂದಾಗ ಸ್ಕೀ ತಾನೇ ನಿಧಾನವಾಗುತ್ತದೆ. ನಾಲ್ಕನೆಯ ದಿನದ ಹೊತ್ತಿಗೆ ಮಕ್ಕಳು ತಿರುವಿನ ಕೊನೆಯಲ್ಲಿ ಸ್ಕೀಗಳನ್ನು ಸಮಾನಾಂತರಕ್ಕೆ ತರತೊಡಗುತ್ತಾರೆ. ಅದನ್ನು ಹೇಳಿಕೊಡುವ ಅಗತ್ಯವೂ ಬೀಳುವುದಿಲ್ಲ.

ಸ್ನೋಬೋರ್ಡ್ ಹಿಡಿದವರ ಕ್ರಮ ಬೇರೆ. ಯಾವ ಕಾಲು ಮುಂದೆ ಎಂದು ಗೊತ್ತಾಗಲು, ನುಣ್ಣನೆಯ ನೆಲದಲ್ಲಿ ಕಾಲುಚೀಲ ಹಾಕಿ ಓಡಿಬಂದು ಜಾರಿ ನೋಡಿ. ತಾನಾಗಿ ಮುಂದೆ ಬರುವ ಕಾಲೇ ಸರಿ. ಹಲಗೆಯನ್ನು ಇಳಿಜಾರಿಗೆ ಅಡ್ಡವಿಟ್ಟು, ಹಿಮ್ಮಡಿಯ ಅಂಚಿನ ಮೇಲೆ ನಿಂತು ನಿಧಾನವಾಗಿ ಕೆಳಗೆ ಜಾರುವುದು ಮೊದಲ ಪಾಠ. ಆಮೇಲೆ ಉದುರುವ ಎಲೆಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲುತ್ತ ಇಳಿಯುವುದು, ಬಳಿಕ ಕಾಲ್ಬೆರಳ ಅಂಚಿನ ಮೇಲೆ ಅದನ್ನೇ ಮಾಡುವುದು. ಇದರಲ್ಲಿ ಪೆಟ್ಟು ಬೀಳುವುದು ಮಣಿಕಟ್ಟಿಗೆ ಮತ್ತು ಬೆನ್ನಿನ ಬುಡಕ್ಕೆ. ಬೀಳುವಾಗ ಅಂಗೈ ಊರಬೇಡಿ, ಮುಷ್ಟಿ ಕಟ್ಟಿ ಮುಂದೋಳಿನ ಮೇಲೆ ಬೀಳಿ. ಮಣಿಕಟ್ಟಿನ ಗಾರ್ಡ್ ಊರಿನಿಂದಲೇ ತನ್ನಿ.

ಲಿಫ್ಟ್, ಗೊಂಡೊಲಾ ಮತ್ತು ಮೇಲಿನ ಬೆಟ್ಟ

ಹೊಸಬರ ದಿಬ್ಬದ ಎಳೆಯುವ ಲಿಫ್ಟಿನಲ್ಲಿ ಬರುವ ತಪ್ಪು ಒಂದೇ, ಅದರ ಮೇಲೆ ಕೂರಲು ಹೋಗುವುದು. ಅದು ಕುರ್ಚಿಯಲ್ಲ. ಕಾಲ ಮೇಲೆ ನಿಂತು, ಸ್ಕೀಗಳನ್ನು ನೇರವಾಗಿಟ್ಟು, ಅದು ಎಳೆಯಲು ಬಿಡಿ. ಬಿದ್ದರೆ ಕೈಬಿಟ್ಟು ಕೂಡಲೇ ದಾರಿಯಿಂದ ಉರುಳಿ ಪಕ್ಕಕ್ಕೆ ಬನ್ನಿ.

ಗೊಂಡೊಲಾದ ಮೊದಲ ಹಂತ ಸುಮಾರು 3,080 ಮೀಟರ್ ಎತ್ತರದ ಕೊಂಗ್‌ಡೂರಿಗೆ, ಎರಡನೆಯದು 3,950 ಮೀಟರ್ ದಾಟಿದ ಅಫರ್ವಟ್ ಬೆಟ್ಟದ ಭುಜಕ್ಕೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಗಾಳಿ ಜೋರಾದರೆ ಸಂಚಾರ ನಿಲ್ಲುತ್ತದೆ. ನೋಡಲು ಹೋಗಿಬನ್ನಿ, ಆದರೆ ಎರಡನೆಯ ಹಂತದಿಂದ ಸ್ಕೀ ಮಾಡಿಕೊಂಡು ಇಳಿಯುವ ಮಾತು ಕುಟುಂಬಕ್ಕೆ ಸಲ್ಲದು. ಅಲ್ಲಿ ಹದ ಮಾಡಿದ ಹಾದಿಯಲ್ಲದೆ ತೆರೆದ ಪರ್ವತವೇ ಹೆಚ್ಚು. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಗುಲ್ಮಾರ್ಗ್‌ನ ಮೇಲಿನ ಇಳಿಜಾರುಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಯಾವ ಗೈಡ್ ಎಷ್ಟೇ ಧೈರ್ಯ ಹೇಳಿದರೂ ಮಕ್ಕಳನ್ನು ಹಗ್ಗ ಕಟ್ಟಿದ ಗಡಿಯಿಂದಾಚೆ ಕಳುಹಿಸಬೇಡಿ.

ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಿಯಮಗಳಲ್ಲಿ ಮಕ್ಕಳಿಗೆ ಮೂರನ್ನಾದರೂ ಬಾಯಿಪಾಠ ಮಾಡಿಸಿ: ಕೆಳಗಿರುವವರಿಗೆ ಮೊದಲ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ನಿಲ್ಲುವುದಿದ್ದರೆ ಅಂಚಿನಲ್ಲಿ ನಿಲ್ಲಬೇಕು. ಹೊರಡುವ ಮುನ್ನ ಮೇಲೆ ತಿರುಗಿ ನೋಡಬೇಕು. ಹೆಲ್ಮೆಟ್ ಇಲ್ಲದೆ ಯಾರೂ, ದೊಡ್ಡವರೂ, ಸ್ಕೀ ಹಾಕಬಾರದು.

ಸ್ಕೀ ಹಾಕದ ಹಿರಿಯರು, ಊಟ, ರಾತ್ರಿ

ನಮ್ಮ ಅತ್ತೆಯವರು ಮೊದಲ ದಿನ ಹೋಟೆಲಿನ ಕಿಟಕಿಯಲ್ಲಿ ಕುಳಿತಿದ್ದರು. ಎರಡನೆಯ ದಿನದಿಂದ ದಿಬ್ಬದ ಬುಡದ ಚಹಾ ಅಂಗಡಿಯಲ್ಲಿ ಮೊಮ್ಮಕ್ಕಳ ಒಣ ಕೈಗವಸು, ಬಿಸಿ ನೀರಿನ ಫ್ಲಾಸ್ಕ್, ಕೊಬ್ಬರಿ-ಬೆಲ್ಲದ ಡಬ್ಬಿ ಇಟ್ಟುಕೊಂಡು ಕೂತರು. ಮಕ್ಕಳು ಅರ್ಧ ಗಂಟೆಗೊಮ್ಮೆ ಅಜ್ಜಿಯ ಬಳಿ ಬಂದು, ಕೈ ಒಡ್ಡಿ, ಏನಾದರೂ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಹಿರಿಯರಿಗೆ ಇಂಥದೊಂದು ಕೆಲಸ ಕೊಡಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲವಾದ್ದರಿಂದ ಅರ್ಧ ಗಂಟೆಗೊಮ್ಮೆ ಕುಡಿಸುವವರು ಬೇಕೇ ಬೇಕು. ಸಸ್ಯಾಹಾರಿಗಳಿಗೆ ರಾಜ್ಮಾ, ಅನ್ನ, ರೊಟ್ಟಿ ಎಲ್ಲೆಡೆ ಸಿಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಮನೆಯಿಂದ ಬಂದರೆ ಮಕ್ಕಳ ಹಟ ಅರ್ಧ ಕಡಿಮೆ. ಸಂಜೆ ಕೇಸರಿ, ಬಾದಾಮಿ ಹಾಕಿದ ಕಾಶ್ಮೀರಿ ಚಹಾ ಕಹ್ವಾ ಕುಡಿಯಿರಿ.

ರಾತ್ರಿ ಮುಚ್ಚಿದ ಕೋಣೆಯಲ್ಲಿ ಕಾಂಗ್ಡಿ ಎಂಬ ಕೆಂಡದ ಕುಡಿಕೆ, ಇದ್ದಿಲ ಒಲೆ, ಗ್ಯಾಸ್ ಹೀಟರ್ ಹಚ್ಚಿಟ್ಟು ಮಲಗಲೇಬಾರದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ವಿದ್ಯುತ್ ಹಾಸಿಗೆ ಇರುವ ಹೋಟೆಲು ಹುಡುಕಿ. ಬೂಟಿನ ಒಳಚೀಲವನ್ನು ಹೊರತೆಗೆದು ಒಣಗಲು ಇಡಿ, ಬೆಳಿಗ್ಗೆ ಒದ್ದೆ ಬೂಟು ಹಾಕಿಸುವಷ್ಟು ಮಕ್ಕಳ ಉತ್ಸಾಹ ಕೆಡಿಸುವಂಥದು ಬೇರೊಂದಿಲ್ಲ.

ನಾಲ್ಕನೆಯ ದಿನ ಮತ್ತು ಹೊರಡುವ ದಿನ

ನಾಲ್ಕನೆಯ ದಿನಕ್ಕೆ ಮೈಕೈ ನೋವು ತುದಿಗೇರಿರುತ್ತದೆ. ಬೆಳಿಗ್ಗೆ ಎರಡು ಗಂಟೆ ಸಾಕು. ಮಧ್ಯಾಹ್ನ ಸ್ಲೆಜ್, ಹಿಮದ ಮನುಷ್ಯ, ಪೈನ್ ಮರಗಳ ನಡುವೆ ನಡಿಗೆ. ಬಿಡುವಿನಲ್ಲಿ ನಮ್ಮ ಮಕ್ಕಳಿಗೆ ಇಬ್ಬರ ಕಥೆ ಹೇಳಿದ್ದೆ. ತಂಗ್‌ಮಾರ್ಗ್ ಕಡೆಯ ಆರಿಫ್ ಖಾನ್ ತಂದೆಯ ಸ್ಕೀ ಅಂಗಡಿಯ ಆಸುಪಾಸಿನಲ್ಲಿ ನಾಲ್ಕನೆಯ ವಯಸ್ಸಿಗೇ ಈ ಇಳಿಜಾರಿನಲ್ಲಿ ಕಲಿತು, 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾದರು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮವೇ ಬೀಳದ ನಾಡಿನಿಂದ ಬಂದು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ, ಹಿಮದ ಮೇಲೆ ದೂರ ಸಾಗುವ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಎರಡನೆಯ ಕಥೆಯನ್ನು ಮಗಳು ಮತ್ತೆ ಮತ್ತೆ ಹೇಳಿಸಿಕೊಂಡಳು.

ಹೊರಡುವ ದಿನ, ಇನ್ನೊಂದೇ ಸಲ ಎಂದು ಮಕ್ಕಳು ಗೋಗರೆಯುತ್ತಾರೆ. ದಣಿದ ಕಾಲಿನ ಆ ಇನ್ನೊಂದೇ ಸಲದಲ್ಲಿಯೇ ಮೊಣಕಾಲು ತಿರುಚುವ ಸಂಭವ ಹೆಚ್ಚು. ಹಿಂದಿನ ಸಂಜೆಯೇ ಸಲಕರಣೆಗಳನ್ನು ಅಂಗಡಿಗೆ ಒಪ್ಪಿಸಿ, ಕೊಟ್ಟಿದ್ದ ಗುರುತಿನ ಚೀಟಿ ಹಿಂದಕ್ಕೆ ಪಡೆದುಕೊಳ್ಳಿ. ಎಲ್ಲರ ಬೂಟಿನ ಸೈಜು, ಸ್ಕೀಯ ಉದ್ದವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಫೆಬ್ರವರಿಯಲ್ಲಿ ಮಕ್ಕಳ ಅಳತೆಗಳಷ್ಟೇ ಬದಲಾಗಿರುತ್ತವೆ.